ಮರೆಯಲ್ಲಿ ಅರ್ಜುನನಿಲ್ಲದ ಬೃಹನ್ನಳೆ
(ಕನ್ನಡದ ಅದ್ಭುತ ಕಥನದಲ್ಲಿ ಲಿಂಗಾಂತರ: ಒಂದು ವಿಮರ್ಶೆ)

೧

ಮಳೆ ಕೈಕೊಟ್ಟ ವರ್ಷಗಳಲ್ಲಿ ವಿರಾಟಪರ್ವವನ್ನು ಓದಿಸುವುದು ನಮ್ಮ ಬಯಲುಸೀಮೆಯ ಹಳ್ಳಿಗಳ ಹಳೆಯ ನಡವಳಿಕೆ. ಕನಕಪುರದ ಸುತ್ತಣ ನಾಡಿಗೂ ಈ ನಂಬಿಕೆ ಹೊಸತಲ್ಲ. ಅರ್ಕಾವತಿಯ ಪಾತ್ರ ಬತ್ತಿ ರಾಗಿಯ ಹೊಲಗಳು ಬಿರಿದಾಗ ಊರಿನವರು ಗುಡಿಯ ಅಂಗಳದಲ್ಲಿ ಸೇರುವರು. ಒಬ್ಬರು ಭಾರತವನ್ನು ರಾಗವಾಗಿ ಓದುವರು, ಮತ್ತೊಬ್ಬರು ಅರ್ಥ ಹೇಳುವರು. ಹೀಗೆ ಓದಿಸುವ ಪರ್ವದಲ್ಲಿ ಕಥಾನಾಯಕನು ಒಂದು ವರ್ಷದ ಕಾಲ ಹೆಣ್ಣುಡುಗೆಯುಟ್ಟು, ಜಡೆ ಹೆಣೆದು, ಬಳೆ ತೊಟ್ಟು, ಅರಮನೆಯ ಕನ್ಯೆಯರಿಗೆ ನಾಟ್ಯವನ್ನು ಕಲಿಸುತ್ತ ಇರುತ್ತಾನೆ. ಎಂದರೆ ಊರು ಮುಗಿಲನ್ನು ಬೇಡುವುದು ಬೃಹನ್ನಳೆಯ ಕಥೆಯ ಮೂಲಕ. ಅದೇ ಊರಿನ ಬೀದಿಯಲ್ಲಿ ಗಂಡಾಗಿ ಹುಟ್ಟಿ ಹೆಣ್ಣುಡುಗೆಯಲ್ಲಿ ನಡೆಯುವ ವ್ಯಕ್ತಿಯೊಬ್ಬರು ಕಾಣಿಸಿಕೊಂಡರೆ ಅವರಿಗೆ ಸಿಕ್ಕುವ ಸ್ವಾಗತವೇ ಬೇರೆ. ‘ಶಿಖಂಡಿ’ ಎಂಬ ಭಾರತದ ಹೆಸರು ಕನ್ನಡದ ಆಡುಮಾತಿನಲ್ಲಿ ಬೈಗುಳವಾಗಿ ಉಳಿದಿರುವುದನ್ನು ಎಲ್ಲರೂ ಬಲ್ಲರು.

ವಿರಾಟಪರ್ವದ ಪಾಠ ನಡೆಯುತ್ತಿದ್ದ ಒಂದು ತರಗತಿಯಲ್ಲಿ, ಉತ್ತರನ ಪ್ರಸಂಗಕ್ಕೆ ಎಲ್ಲರೂ ನಕ್ಕು ಮುಗಿಸಿದ ಬಳಿಕ, ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಮೆಲ್ಲನೆ ಕೇಳಿದ ಪ್ರಶ್ನೆಯೇ ಈ ಪ್ರಬಂಧಕ್ಕೆ ಪ್ರೇರಣೆ: “ಬೃಹನ್ನಳೆ ನಿಜವಾಗಿಯೂ ಬೃಹನ್ನಳೆಯೇ ಆಗಿದ್ದಿದ್ದರೆ?” ಅಂದು ಆ ಪ್ರಶ್ನೆಗೆ ಸರಿಯಾದ ಉತ್ತರ ನನ್ನಲ್ಲಿರಲಿಲ್ಲ. ಅದನ್ನು ಇಲ್ಲಿ ಸಾಹಿತ್ಯವಿಮರ್ಶೆಯ ಪ್ರಶ್ನೆಯನ್ನಾಗಿಯೇ ಎತ್ತಿಕೊಂಡು ನೋಡಬೇಕೆಂಬುದು ನನ್ನ ಉದ್ದೇಶ. ಶಾಪ, ವರ, ಮಂತ್ರ, ಜನ್ಮಾಂತರಗಳ ಬಲದಿಂದ ಮೈ ಬದಲಾಗುವ ಕಥೆಗಳನ್ನು ಇಲ್ಲಿ ‘ಅದ್ಭುತ ಕಥನ’ವೆಂದು ಕರೆದಿದ್ದೇನೆ. ಇಂಥ ಕಥೆಗಳಲ್ಲಿ ಹೆಣ್ಣುಗಂಡಿನ ಗಡಿಯನ್ನು ದಾಟಿದವರು ಅನೇಕರುಂಟು. ಅವರು ಇದ್ದಾರೆ ಎಂಬಷ್ಟರಿಂದಲೇ ನಮ್ಮ ಪರಂಪರೆಯನ್ನು ಉದಾರವೆಂದು ಹೊಗಳುವ ರೂಢಿಯೊಂದು ಈಚೆಗೆ ಬೆಳೆದಿದೆ. ಎಣಿಕೆ ಸಾಲದು, ಕಥೆ ಆ ಪಾತ್ರಗಳನ್ನು ಕೊನೆಗೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

೨

ವಿರಾಟಪರ್ವದ ಕಥಾಬಂಧವನ್ನು ಗಮನಿಸೋಣ. ಊರ್ವಶಿಯ ಶಾಪದಿಂದ ಅರ್ಜುನನಿಗೆ ನಪುಂಸಕತ್ವ ಬರುತ್ತದೆ. ಇಂದ್ರನು ಅದರ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿ ಅಜ್ಞಾತವಾಸಕ್ಕೆ ಉಪಯೋಗವಾಗುವಂತೆ ಮಾಡುತ್ತಾನೆ. ಶಾಪವು ಹೀಗೆ ಸಾಧನವಾಗುತ್ತದೆ. ವ್ಯಾಸಭಾರತದಲ್ಲಿ ವಿರಾಟನು ಹೊಸದಾಗಿ ಬಂದ ಈ ನಾಟ್ಯಾಚಾರ್ಯನನ್ನು ನಂಬಿಬಿಡುವುದಿಲ್ಲ. ನಪುಂಸಕತ್ವ ನಿಜವೇ ಎಂದು ಪರೀಕ್ಷೆ ಮಾಡಿಸಿದ ಮೇಲೆಯೇ ಕನ್ಯಾಂತಃಪುರಕ್ಕೆ ಬಿಡುತ್ತಾನೆ. ತಾನು ಯಾರೆಂದು ಹೇಳಿದವರ ಮಾತು ಸಾಲದು, ಮೈಯನ್ನು ಮತ್ತೊಬ್ಬರು ನೋಡಿ ಒಪ್ಪಬೇಕು ಎಂಬ ಈ ಪದ್ಧತಿಗೆ ಬಹಳ ದೀರ್ಘವಾದ ಆಯುಷ್ಯವಿದೆ. ೨೦೧೪ರ ಏಪ್ರಿಲಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಆದರೂ ೨೦೧೯ರ ಕಾಯಿದೆಯು ಜಿಲ್ಲಾಧಿಕಾರಿಯಿಂದ ಪ್ರಮಾಣಪತ್ರ ಪಡೆಯುವ ಕ್ರಮವನ್ನು ತಂದಿತು.

ಪರ್ವದ ಮುಖ್ಯ ಸನ್ನಿವೇಶ ಉತ್ತರಗೋಗ್ರಹಣದ ನಂತರ ಬರುತ್ತದೆ. ಮಗನು ಕೌರವಸೇನೆಯನ್ನು ಗೆದ್ದನೆಂದು ವಿರಾಟನು ಪಗಡೆಯಾಡುತ್ತ ಹಿಗ್ಗುತ್ತಿರುತ್ತಾನೆ. ಎದುರಿಗೆ ಕುಳಿತ ಕಂಕಭಟ್ಟ, ಎಂದರೆ ಧರ್ಮರಾಯ, ಸಾರಥಿಯಾಗಿ ಬೃಹನ್ನಳೆ ಇದ್ದಮೇಲೆ ಗೆಲುವು ಸಹಜವೆಂದು ಹೇಳುತ್ತಾನೆ. ತನ್ನ ಮಗನಿಗಿಂತ ಒಬ್ಬ ಷಂಡನಿಗೆ ಕೀರ್ತಿ ಸಲ್ಲುವುದೆಂಬ ಮಾತನ್ನು ಸಹಿಸಲಾರದೆ ಅರಸನು ದಾಳವನ್ನು ಕಂಕನ ಮುಖಕ್ಕೆ ಎಸೆಯುತ್ತಾನೆ. ಒಸರಿದ ನೆತ್ತರು ನೆಲಕ್ಕೆ ಬೀಳದಂತೆ ಸೈರಂಧ್ರಿ ಹಿಡಿದುಕೊಳ್ಳುತ್ತಾಳೆ.

ತುಂಬಿದ ಸಭೆಯಲ್ಲಿ, ಎಲ್ಲರೂ ಕೀಳೆಂದು ಬಗೆದ ವ್ಯಕ್ತಿಯ ಪರವಾಗಿ ಒಬ್ಬನು ಮಾತನಾಡಿದ್ದು, ಅದಕ್ಕಾಗಿ ನೆತ್ತರು ಸುರಿಸಿದ್ದು ಕನ್ನಡ ಓದುಗನಿಗೆ ಪರಿಚಿತವಾದ ಕಥೆಗಳಲ್ಲಿ ಅಪರೂಪದ ಘಟನೆ. ಆದರೆ ಧರ್ಮರಾಯನು ಹಾಗೆ ಮಾತನಾಡಿದ್ದು ಏಕೆ? ಬೃಹನ್ನಳೆಯು ಅರ್ಜುನನೆಂದು ಅವನು ಬಲ್ಲನು. ವಿರಾಟನಿಗೆ ಆ ತಿಳಿವು ಇಲ್ಲ. ಮರುದಿನ ರಹಸ್ಯ ಬಯಲಾದಾಗ ವಿರಾಟನು ನಾಚಿಕೊಳ್ಳುತ್ತಾನೆ, ಮಗಳನ್ನೇ ಕೊಡಲು ಮುಂದಾಗುತ್ತಾನೆ. ಅವನ ಪಶ್ಚಾತ್ತಾಪವು ಅರ್ಜುನನನ್ನು ಗುರುತಿಸದೆ ಹೋದುದಕ್ಕೇ ಹೊರತು ಬೃಹನ್ನಳೆಯನ್ನು ಹಳಿದುದಕ್ಕಲ್ಲ. ಇಬ್ಬರಲ್ಲಿ ಒಬ್ಬನೂ ಬೃಹನ್ನಳೆಗಾಗಿ ಬೃಹನ್ನಳೆಯನ್ನು ಗೌರವಿಸಲಿಲ್ಲ. ಮರೆಯಲ್ಲಿ ಅರ್ಜುನನಿಲ್ಲದ ಬೃಹನ್ನಳೆಯೊಬ್ಬಳು ವಿರಾಟನಗರದಲ್ಲಿ ಇದ್ದಿದ್ದರೆ, ಅವಳ ಪರವಾಗಿ ಯಾರೂ ನೆತ್ತರು ಸುರಿಸುತ್ತಿರಲಿಲ್ಲ. ವಿದ್ಯಾರ್ಥಿಯ ಪ್ರಶ್ನೆಗೆ ಕಥೆಯೊಳಗಿನ ಉತ್ತರ ಇದು.

ಈ ‘ಮರೆಯ ಅರ್ಜುನ’ನನ್ನು ಒಂದು ವಿಮರ್ಶೆಯ ಮಾನದಂಡವನ್ನಾಗಿ ಇಟ್ಟುಕೊಂಡರೆ ಉಳಿದ ಕಥೆಗಳನ್ನೂ ಅಳೆಯಬಹುದು.

೩

ಶಿಖಂಡಿಯ ಪ್ರಸಂಗದಲ್ಲಿ ಅರ್ಜುನನು ವೇಷದ ಒಳಗಿನಿಂದ ಬೆನ್ನ ಹಿಂದಕ್ಕೆ ಸರಿದಿದ್ದಾನೆ, ಅಷ್ಟೆ. ಭೀಷ್ಮನು ಶಿಖಂಡಿಯೆದುರು ಬಿಲ್ಲೆತ್ತನು. ಆದುದರಿಂದ ಶಿಖಂಡಿಯನ್ನು ಮುಂದಿಟ್ಟು ಹಿಂದಿನಿಂದ ಅರ್ಜುನನು ಬಾಣಬಿಡುತ್ತಾನೆ. ಗೆಲುವು ಪಾಂಡವರದು, ಉಳಿದ ಬೈಗುಳವೊಂದು ಶಿಖಂಡಿಯದು.

ಈ ಕಥೆಯ ಹಿಂದಣ ಭಾಗವು ವ್ಯಾಸಭಾರತದ ಉದ್ಯೋಗಪರ್ವದಲ್ಲಿದೆ. ನಮ್ಮ ಪಾಠಗಳಲ್ಲಿ ಅದಕ್ಕೆ ಎಡೆ ಸಿಕ್ಕುವುದು ಕಡಮೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬೆಳೆಸಲ್ಪಟ್ಟ ಶಿಖಂಡಿನಿಯು ಮದುವೆಯಾದ ಮೇಲೆ ಗುಟ್ಟು ಒಡೆದು, ತಂದೆಯ ರಾಜ್ಯಕ್ಕೆ ಯುದ್ಧ ಬಂದಾಗ, ಸಾಯಲೆಂದು ಕಾಡಿಗೆ ಹೋಗುತ್ತಾಳೆ. ಅಲ್ಲಿ ಸ್ಥೂಣಾಕರ್ಣನೆಂಬ ಯಕ್ಷನು ಮರುಗಿ ತನ್ನ ಪುರುಷತ್ವವನ್ನು ಕೆಲವು ಕಾಲದ ಮಟ್ಟಿಗೆ ಅವಳಿಗೆ ಕೊಟ್ಟು ಅವಳ ಹೆಣ್ತನವನ್ನು ತಾನು ಪಡೆಯುತ್ತಾನೆ. ಇದನ್ನು ತಿಳಿದ ಕುಬೇರನು ಕೋಪಗೊಂಡು, ಶಿಖಂಡಿ ಸಾಯುವವರೆಗೆ ಸ್ಥೂಣನು ಹೆಣ್ಣಾಗಿಯೇ ಇರಲೆಂದು ಶಪಿಸುತ್ತಾನೆ. ಮಾತಿಗೆ ತಪ್ಪದೆ ಹಿಂದಿರುಗಿಸಲು ಬಂದ ಶಿಖಂಡಿಗೆ ಈ ಸುದ್ದಿ ತಿಳಿಯುತ್ತದೆ. ದಿಕ್ಕಿಲ್ಲದವರ ಪರವಾಗಿ ನಿಲ್ಲುವುದೆಂದರೇನು ಎಂಬುದಕ್ಕೆ ಧರ್ಮರಾಯನ ನೆತ್ತರಿಗಿಂತಲೂ ಸ್ಥೂಣನ ದಾನ ಹೆಚ್ಚಿನ ನಿದರ್ಶನವೆಂದು ನನ್ನ ಅಭಿಪ್ರಾಯ. ಎದುರಿಗಿರುವವಳು ಮರೆಯಲ್ಲಿ ನಿಂತ ವೀರನೇನೂ ಅಲ್ಲವೆಂದು ಅವನು ಬಲ್ಲನು. ಅವನು ನೋಡಿದ್ದು ಸಂಕಟದಲ್ಲಿರುವ ಒಂದು ಜೀವವನ್ನು. ಕೊಟ್ಟದ್ದು ತನ್ನ ಮೈಯನ್ನೇ.

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಯಜ್ಞದ ಕುದುರೆಯು ಒಂದು ಕೊಳಕ್ಕಿಳಿದು ಹೆಣ್ಣು ಕುದುರೆಯಾಗುವ ಅದ್ಭುತವಿದೆ. ಅದನ್ನನುಸರಿಸಿ ಪ್ರಮೀಳೆಯ ಸ್ತ್ರೀರಾಜ್ಯದ ಕಥೆ ಬರುತ್ತದೆ. ಎರಡೂ ಮುಗಿಯುವುದು ಒಂದೇ ಬಗೆಯಲ್ಲಿ: ಕುದುರೆಗೆ ಮೊದಲಿನ ರೂಪ ಬರುತ್ತದೆ, ಪ್ರಮೀಳೆಯು ಅರ್ಜುನನ ಕೈಹಿಡಿಯುತ್ತಾಳೆ. ಇವನ್ನೆಲ್ಲ ‘ಮರಳುವ ಅದ್ಭುತ’ವೆಂದು ಕರೆಯಬಹುದು. ಕಥೆ ಲೋಕದ ಕಟ್ಟನ್ನು ಒಂದು ಗಳಿಗೆ ಸಡಿಲಿಸುತ್ತದೆ. ನಗು, ಕುತೂಹಲ, ರಸಗಳನ್ನು ಹಿಂಡಿಕೊಂಡು ಮತ್ತೆ ಬಿಗಿಯುತ್ತದೆ. ಓದುಗನು ಹೆದರಬೇಕಾಗಿಲ್ಲ, ಬದಲಾಗಬೇಕಾಗಿಯೂ ಇಲ್ಲ.

ಮರಳಲು ಒಲ್ಲೆನೆಂದವರು ಇಲ್ಲವೇ ಇಲ್ಲವೆಂದಲ್ಲ. ವ್ಯಾಸಭಾರತದ ಅನುಶಾಸನಪರ್ವದಲ್ಲಿ ಇಂದ್ರನ ಕೋಪದಿಂದ ಹೆಣ್ಣಾದ ಭಂಗಾಸ್ವನರಾಜನು, ಕೊನೆಗೆ ಇಂದ್ರನೇ ಪ್ರಸನ್ನನಾಗಿ ಗಂಡುತನವನ್ನು ಕೊಡಲು ಬಂದಾಗ, ಬೇಡವೆಂದು ಹೆಣ್ಣಾಗಿಯೇ ಉಳಿಯುತ್ತಾನೆ. ತಾನು ಹೆತ್ತ ಮಕ್ಕಳ ಮೇಲೆಯೇ ತನಗೆ ಹೆಚ್ಚು ಮಮತೆಯೆಂದೂ ಹೇಳುತ್ತಾನೆ. ಕುಮಾರವ್ಯಾಸನು ಗದಾಪರ್ವದವರೆಗಿನ ಹತ್ತು ಪರ್ವಗಳನ್ನು ಮಾತ್ರ ರಚಿಸಿದನು. ಊರಿನ ಜಗುಲಿಗಳಲ್ಲಿ ಅವನ ಭಾರತವನ್ನು ಕೇಳಿ ಬೆಳೆದವರಿಗೆ ಬೃಹನ್ನಳೆ ದೊರೆತಳು, ಭಂಗಾಸ್ವನ ಅದರ ಆಚೆಗೆ ಉಳಿದನು.

೪

ಮರಳದ ಅದ್ಭುತವೊಂದು ಕನ್ನಡದ ಆದಿಕವಿಯಲ್ಲಿಯೇ ಇದೆ. ಪಂಪನ ಆದಿಪುರಾಣವನ್ನು (ಕ್ರಿ. ಶ. ೯೪೧-೪೨) ಭೋಗದಿಂದ ತ್ಯಾಗಕ್ಕೆ ಏರುವ ಕಾವ್ಯವೆಂದು ನಾವೆಲ್ಲರೂ ಪಾಠ ಹೇಳುತ್ತೇವೆ. ಲಲಿತಾಂಗ-ಸ್ವಯಂಪ್ರಭೆಯರು ವಜ್ರಜಂಘ-ಶ್ರೀಮತಿಯರಾಗಿ ಹುಟ್ಟಿ, ಧೂಪದ ಹೊಗೆಯಲ್ಲಿ ಅಪ್ಪುಗೆ ಸಡಿಲದೆ ಮಡಿಯುತ್ತಾರೆ. ಭೋಗಭೂಮಿಯಲ್ಲಿ ಅವರಿಬ್ಬರಿಗೂ ಸಮ್ಯಕ್ತ್ವ ದೊರೆತ ಮೇಲೆ ಶ್ರೀಮತಿಯ ಜೀವವು ಮತ್ತೆ ಹೆಣ್ಣಾಗಿ ಹುಟ್ಟುವುದಿಲ್ಲ. ಸ್ವರ್ಗದಲ್ಲಿ ಅದು ಸ್ವಯಂಪ್ರಭನೆಂಬ ದೇವ. ಮುಂದೆ ಸುವಿಧಿಯ ಮಗ ಕೇಶವ. ಬಳಿಕ ಪ್ರತೀಂದ್ರ, ಧನದೇವ. ಕೊನೆಯಲ್ಲಿ ವಜ್ರಜಂಘನ ಜೀವ ವೃಷಭತೀರ್ಥಂಕರನಾದಾಗ, ಶ್ರೀಮತಿಯ ಜೀವ ಹಸ್ತಿನಾಪುರದ ಶ್ರೇಯಾಂಸನಾಗಿ ಅವನಿಗೆ ಕಬ್ಬಿನ ಹಾಲನ್ನು ನೀಡುತ್ತದೆ.

ಇದನ್ನು ‘ಏರುವ ಅದ್ಭುತ’ ಎನ್ನಬಹುದು. ಇಲ್ಲಿ ಲಿಂಗಾಂತರವು ಶಾಪವಲ್ಲ, ಬಹುಮಾನ. ಹೆಣ್ಣುಮೈಯು ಮೆಟ್ಟಿ ಬಿಡಬೇಕಾದ ಕೆಳಗಿನ ಮೆಟ್ಟಿಲು. ಸ್ತ್ರೀಯ ಮೈಯಲ್ಲಿ ಮೋಕ್ಷವಿಲ್ಲವೆಂಬ ದಿಗಂಬರ ಸಿದ್ಧಾಂತವೇ ಈ ಕಥಾಬಂಧಕ್ಕೆ ಆಧಾರ. ಆದರೂ ಒಂದು ಅಂಶವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ದೀಕ್ಷೆಯ ಬಳಿಕ ಆಹಾರಕ್ಕೆಂದು ಊರೂರು ತಿರುಗಿದ ವೃಷಭನಾಥನಿಗೆ ಭಿಕ್ಷೆಯನ್ನು ನೀಡುವ ವಿಧಿ ಜನರಿಗೆ ತಿಳಿಯದು. ಅರಸರು ಆನೆ ಕುದುರೆಗಳನ್ನೂ ರತ್ನಗಳನ್ನೂ ತಂದೊಡ್ಡುತ್ತಾರೆ. ಶ್ರೇಯಾಂಸನಿಗೆ ಮಾತ್ರ ಅದು ತಿಳಿಯುತ್ತದೆ. ಏಕೆಂದರೆ, ತಾನು ಶ್ರೀಮತಿಯಾಗಿದ್ದಾಗ ಪತಿಯೊಡನೆ ಮುನಿಗಳಿಗೆ ಆಹಾರವಿತ್ತ ಜನ್ಮಸ್ಮರಣೆ ಅವನಿಗೆ ಆಗುತ್ತದೆ. ಸಿದ್ಧಾಂತವು ಯಾವ ಹೆಣ್ತನವನ್ನು ಕಳೆದುಹಾಕಿತೋ ಅದರ ನೆನಪಿಲ್ಲದೆ ಕಾವ್ಯದ ಮಹಾದಾನ ನಡೆಯಲಾರದು. ಮೈಯನ್ನು ಕಳಚಿದ ಜೀವವು ಅನುಭವವನ್ನು ಕಳಚಲಿಲ್ಲ. ಲಿಂಗಾಂತರದ ಪಾತ್ರವೊಂದಕ್ಕೆ ತಾನು ದಾಟಿಬಂದ ದಾರಿಯೇ ಜ್ಞಾನವಾಗಿ ಒದಗುವ ಇಂಥ ನಿದರ್ಶನಕ್ಕೆ ನಮ್ಮ ಪ್ರಾಚೀನ ಕಾವ್ಯದಲ್ಲಿ ಹೆಚ್ಚಿನ ಬೆಲೆ ಕಟ್ಟಬೇಕು.

೫

ಗ್ರಂಥಸ್ಥ ಕಾವ್ಯದಿಂದ ಬಾಯಿಮಾತಿನ ಪರಂಪರೆಗೆ ಬಂದರೆ ಮೂರನೆಯ ಬಗೆಯೊಂದು ಕಾಣುತ್ತದೆ. ಕನಕಪುರದ ನೆರೆಯ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ; ನೀಲಗಾರರು ತಂಬೂರಿ ಹಿಡಿದು ಅವನ ಕಥೆಯನ್ನು ಹಾಡುತ್ತಾರೆ. ಅದರಲ್ಲಿ ಮಂಟೇಸ್ವಾಮಿಯು ಹೆಂಡ ಮಾಂಸಗಳನ್ನು ಹೊತ್ತ ಅಸ್ಪೃಶ್ಯನ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ, ಅಲ್ಲಿ ತಡೆಯಲ್ಪಡುತ್ತಾನೆ. ಲಿಂಗಭೇದದ ಮಾತು ಇಲ್ಲಿಲ್ಲ. ನಮ್ಮ ವಿಚಾರಕ್ಕೆ ಬೇಕಾದುದು ಕಥೆಯ ದೃಷ್ಟಿ. ವಿರಾಟನ ಸಭೆಯಲ್ಲಿ ಪರೀಕ್ಷೆಗೆ ಒಳಗಾದುದು ಬಂದವಳ ಮೈ. ಕಲ್ಯಾಣದ ಬಾಗಿಲಲ್ಲಿ ಪರೀಕ್ಷೆಗೆ ಒಳಗಾಗುವುದು ಒಳಗಿರುವವರ ಶರಣತ್ವ. ಮಂಟೇಸ್ವಾಮಿಯೂ ಮರೆಯಲ್ಲಿ ಮಹಿಮೆಯುಳ್ಳವನೇ ಎಂಬುದು ದಿಟ. ಆದರೂ ಪ್ರಶ್ನೆಯನ್ನು ಆತಿಥೇಯರ ಕಡೆಗೆ ತಿರುಗಿಸಿದ್ದು ಈ ಜಾನಪದ ಕಾವ್ಯದ ಹೆಚ್ಚಳ.

ಉತ್ತರ ಕರ್ನಾಟಕದ ಎಲ್ಲಮ್ಮ, ಹುಲಿಗೆಮ್ಮರ ಸಂಪ್ರದಾಯದಲ್ಲಿ ಅದ್ಭುತವು ಕಥೆಯಿಂದ ಬಾಳಿಗೆ ಇಳಿಯುತ್ತದೆ. ದೇವಿ ಮೈದುಂಬಿದಳೆಂದು ನಂಬಿ, ಗಂಡಾಗಿ ಹುಟ್ಟಿದವರು ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟು ಜೋಗತಿಯರಾಗುತ್ತಾರೆ. ಇಲ್ಲಿ ಒಂದು ವರ್ಷದ ಅವಧಿಯಿಲ್ಲ, ಶಮೀವೃಕ್ಷದ ಮೇಲೆ ಕಾದಿರುವ ಗಾಂಡೀವವಿಲ್ಲ. ಇದು ‘ನೆಲೆಗೊಳ್ಳುವ ಅದ್ಭುತ’. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಈ ದಾರಿಯಲ್ಲಿ ಬಂದವರು; ಕಾಳವ್ವ ಜೋಗತಿಯವರ ಮೇಳದಲ್ಲಿ ಕಲಿತು ಎಲ್ಲಮ್ಮನ ಕಥೆಯನ್ನು ರಂಗದ ಮೇಲೆ ಆಡಿದವರು. ೨೦೧೯ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸುವಾಗ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಹರಸುವ ಅಧಿಕಾರ ಆ ಗಳಿಗೆಯಲ್ಲಿ ಯಾರ ಕೈಯಲ್ಲಿತ್ತೆಂಬುದನ್ನು ನಾಡೆಲ್ಲ ಕಂಡಿತು.

ಆದರೆ ಈ ನೆಲೆಗೂ ಒಂದು ಬೆಲೆಯುಂಟು. ದೇವಿಯು ಬಯಸಿದಳು ಎಂಬ ಕಥೆಯಿರುವುದರಿಂದ ಜನ ಒಪ್ಪಿದರು. ತಾನೇ ಬಯಸಿದೆನು ಎನ್ನುವವರಿಗೆ ಈ ಆಶ್ರಯವಿಲ್ಲ. ಜೋಗತಿಯ ಚೌಡಿಕೆಯನ್ನು ಭಕ್ತಿಯಿಂದ ಕೇಳುವ ಮನೆಯು ಅವಳಿಗೆ ಬಾಡಿಗೆಗೆ ಕೋಣೆ ಕೊಡಲು ಹಿಂಜರಿಯಬಹುದು. ಅರ್ಜುನನು ಇದ್ದ ಮರೆಯಲ್ಲಿ ಈಗ ದೇವಿ ನಿಂತಿದ್ದಾಳೆ.

೬

ಹೊಸಗನ್ನಡವು ಈ ಹಳೆಯ ಕಟ್ಟನ್ನು ಎರಡು ಕಡೆಗಳಿಂದ ಒಡೆಯಲೆತ್ನಿಸಿದೆ. ಗಿರೀಶ ಕಾರ್ನಾಡರ ಹಯವದನ (೧೯೭೧) ನಾಟಕವು ಆನೆಯ ತಲೆ, ಮನುಷ್ಯನ ಮೈಯುಳ್ಳ ಗಣಪತಿಯ ಸ್ತುತಿಯಿಂದ ತೊಡಗುತ್ತದೆ. ಮಿಶ್ರವಾದ ಮೈಯೇ ವಿಘ್ನಹರನ ಮೈ. ಆದರೆ ಕುದುರೆಯ ತಲೆಯ ಹಯವದನನಿಗೆ ಲೋಕವು ಆ ಸಮಾಧಾನವನ್ನು ಕೊಡದು. ಅವನು ‘ಪೂರ್ಣ’ನಾಗಬೇಕೆಂದು ಬೇಡಿ ಪೂರ್ತಿ ಕುದುರೆಯಾಗುತ್ತಾನೆ. ತಲೆಗಳು ಅದಲುಬದಲಾದ ದೇವದತ್ತ ಕಪಿಲರ ಮೈಗಳೂ ಕಾಲಕ್ರಮದಲ್ಲಿ ಮೊದಲಿನಂತಾಗುತ್ತವೆ. ಇಲ್ಲಿಯೂ ಅದ್ಭುತ ಮರಳುತ್ತದೆ. ಆದರೆ ಆ ಮರಳುವಿಕೆಯೇ ದುರಂತವೆಂದು ಕಾರ್ನಾಡರು ಬಗೆದರು. ಬೆರೆತುಬಂದವರನ್ನು ಒಂದೇ ಜಾತಿಗೆ ಸೇರಿಸಿ ಪೂರ್ಣರೆಂದು ಕರೆಯುವ ಹಟದಲ್ಲಿ ಏನೋ ಕೊಲ್ಲಲ್ಪಡುತ್ತದೆಂಬ ಅರಿವು ಈ ನಾಟಕದ್ದು.

ವಸುಧೇಂದ್ರರ ಮೋಹನಸ್ವಾಮಿ (೨೦೧೩) ಸಂಕಲನವು ಅದ್ಭುತವನ್ನೇ ಕೈಬಿಡುತ್ತದೆ. ಸಲಿಂಗಪ್ರೇಮಿಯಾದ ಮೋಹನಸ್ವಾಮಿಗೆ ಶಾಪವಿಲ್ಲ, ವಿಶಾಪವೂ ಇಲ್ಲ. ಜೊತೆಗಾರನು ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಉಳಿಯುವ ಒಂಟಿತನವಿದೆ. ಪುಸ್ತಕ ಪ್ರಕಟವಾದ ವರ್ಷದ ಡಿಸೆಂಬರಿನಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಸಲಿಂಗಸಂಬಂಧವನ್ನು ಮತ್ತೆ ಅಪರಾಧದ ಸಾಲಿಗೆ ಸೇರಿಸಿತು. ಆ ತೀರ್ಪು ತಿರುಗಿದ್ದು ೨೦೧೮ರ ಸೆಪ್ಟೆಂಬರಿನಲ್ಲಿ. ನಡುವಣ ಐದು ವರ್ಷ ಈ ಕಥೆಗಳ ನಾಯಕನು ಕಾನೂನಿನ ಕಣ್ಣಿನಲ್ಲಿ ಅಪರಾಧಿಯಾಗಿದ್ದನು. ಕನ್ನಡದಲ್ಲಿ ಮರೆಯ ಅರ್ಜುನನನ್ನು ಸಂಪೂರ್ಣವಾಗಿ ತೆಗೆದುಹಾಕಿ, ಇರುವ ವ್ಯಕ್ತಿಯನ್ನು ಇರುವಂತೆಯೇ ಓದುಗನ ಎದುರು ನಿಲ್ಲಿಸಿದ ಕೃತಿಯಿದು. ಇದರ ಕಲಾಮೌಲ್ಯವನ್ನು ಕುರಿತು ಭಿನ್ನಾಭಿಪ್ರಾಯಗಳು ಇರಬಹುದು. ಇದರ ಧೈರ್ಯವನ್ನು ಕುರಿತು ಇರಲಾರವು.

ಹಾಗಾದರೆ ಅದ್ಭುತ ಕಥನಕ್ಕೆ ಇನ್ನು ಕೆಲಸವಿಲ್ಲವೆ? ಹಾಗೆಂದು ನನಗೆ ತೋರುವುದಿಲ್ಲ. ವಾಸ್ತವ ಕಥನವು ನೋವನ್ನು ಹೇಳಬಲ್ಲುದು. ನೋವಿಲ್ಲದ ಲೋಕವೊಂದನ್ನು ಕಟ್ಟಿ ತೋರಿಸಲು ಕಲ್ಪನೆಯೇ ಬೇಕು. ಇಂಗ್ಲಿಷಿನಲ್ಲಿ ವರ್ಜೀನಿಯಾ ವುಲ್ಫ್ ಬರೆದ ಆರ್ಲಾಂಡೊ (೧೯೨೮) ಕಾದಂಬರಿಯ ನಾಯಕನು ಒಂದು ಬೆಳಗ್ಗೆ ಹೆಣ್ಣಾಗಿ ಎಚ್ಚರಗೊಳ್ಳುತ್ತಾನೆ. ಅದಕ್ಕೆ ಪಾಪವೂ ಕಾರಣವಲ್ಲ, ಪುಣ್ಯವೂ ಕಾರಣವಲ್ಲ. ಮರಳುವ ದಿನವೂ ಬಾರದು. ಅಮೆರಿಕದ ಅರ್ಸುಲ ಲೆ ಗ್ವಿನ್ ೧೯೬೯ರಲ್ಲಿ ಪ್ರಕಟಿಸಿದ ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್ ಕಾದಂಬರಿಯಲ್ಲಿ ಇಡೀ ಜನಾಂಗವೇ ಹೆಣ್ಣುಗಂಡಿನ ಸ್ಥಿರಭೇದವಿಲ್ಲದ್ದು. ಅವರ ನಡುವೆ ವಿಚಿತ್ರವಾಗಿ ಕಾಣುವವನು ಹೊರಗಿನಿಂದ ಬಂದ ಗಂಡಸು. ಮಂಟೇಸ್ವಾಮಿಯ ಕಥೆಯು ಮಾಡಿದಂತೆಯೇ ಇವಳೂ ಪರೀಕ್ಷೆಯ ಮುಖವನ್ನು ತಿರುಗಿಸಿದಳು. ಸ್ಥೂಣನನ್ನೂ ಶ್ರೇಯಾಂಸನನ್ನೂ ಪಡೆದ ಪರಂಪರೆಗೆ ಇಂಥ ಕಲ್ಪನೆಯು ಹೊರಗಿನ ಸಾಲವೇನೂ ಆಗಬೇಕಾಗಿಲ್ಲ.

೭

ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಪ್ರಾಚೀನ ಕವಿಗಳನ್ನು ಇಂದಿನ ನ್ಯಾಯದ ಅಳತೆಗೋಲಿನಿಂದ ಅಳೆಯುವುದು ಸರಿಯೆ ಎಂದು ಕೇಳಬಹುದು. ಸರಿಯಲ್ಲ. ಕುಮಾರವ್ಯಾಸನು ಹೇಳಹೊರಟದ್ದು ಕೃಷ್ಣಕಥೆ. ಪಂಪನು ಬೆಳಗಿದ್ದು ಜಿನಾಗಮ. ಅವರ ಮೇಲೆ ನಾನು ದೋಷವನ್ನು ಹೊರಿಸುತ್ತಿಲ್ಲ. ವಿಚಾರಣೆಗೆ ಬರಬೇಕಾದವರು ಓದುವ ನಾವು, ಪಾಠ ಹೇಳುವ ನಾವು. ವಿರಾಟಪರ್ವವನ್ನು ಕಲಿಸುವಾಗ ಉತ್ತರನ ಹೇಡಿತನಕ್ಕೆ ನಗಿಸುತ್ತೇವೆ; ಆ ನಗುವಿನ ಜೊತೆಯಲ್ಲಿ ಬೃಹನ್ನಳೆಯ ಜಡೆಗೂ ಬಳೆಗೂ ತರಗತಿ ನಗುವುದನ್ನು ತಡೆಯುವುದಿಲ್ಲ. ಆ ನಗು ಹಿಂದಿನ ಬೆಂಚಿನಲ್ಲಿ ಯಾರ ಮೇಲೆ ಬಿದ್ದೀತೆಂದು ನಾವು ತಿರುಗಿ ನೋಡುವುದಿಲ್ಲ.

೨೦೨೧ರಲ್ಲಿ ಕರ್ನಾಟಕ ಸರ್ಕಾರವು ತನ್ನ ಸೇವೆಯ ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ ೧ರ ಮೀಸಲಾತಿಯನ್ನು ತಂದಿತು. ಅಂಥ ಅನೇಕ ಹುದ್ದೆಗಳಿಗೆ ಅರ್ಜಿ ಹಾಕಲು ಪದವಿ ಬೇಕು. ಪದವಿ ಪಡೆಯಲು ತರಗತಿಯಲ್ಲಿ ಮೂರು ವರ್ಷ ಕುಳಿತಿರಲು ಸಾಧ್ಯವಾಗಬೇಕು. ಸಾಹಿತ್ಯದ ಅಧ್ಯಾಪಕನ ಕೈಯಲ್ಲಿ ಕಾನೂನು ಇಲ್ಲ. ಪಾಠದ ಆ ಒಂದು ಗಂಟೆಯಿದೆ.

ಮುಂದಿನ ಬಾರಿ ದಾಳದ ಪ್ರಸಂಗ ಬಂದಾಗ ನಾನು ವಿದ್ಯಾರ್ಥಿಗಳ ಮುಂದೆ ಆ ಹಳೆಯ ಪ್ರಶ್ನೆಯನ್ನೇ ಇಡಬೇಕೆಂದಿದ್ದೇನೆ: ಕಂಕನಿಗೆ ಬೃಹನ್ನಳೆ ಯಾರೆಂಬುದು ತಿಳಿಯದೆ ಇದ್ದಿದ್ದರೆ ಅವನು ಏನು ಹೇಳುತ್ತಿದ್ದನು? ಉತ್ತರೆಗೆ ಒಂದು ವರ್ಷ ನಾಟ್ಯ ಕಲಿಸಿದವಳು, ಹೆದರಿ ಓಡಿದ ಅರಸುಮಗನನ್ನು ಹಿಡಿದು ರಥಕ್ಕೆ ತಂದವಳು; ಗೌರವಕ್ಕೆ ಇಷ್ಟು ಸಾಲದೆ? ಸಾಲುತ್ತದೆ ಎನ್ನುವ ವಿದ್ಯಾರ್ಥಿ ಒಬ್ಬನಾದರೂ ಇದ್ದರೆ, ಅರ್ಕಾವತಿಯ ದಂಡೆಯಲ್ಲಿ ವಿರಾಟಪರ್ವವನ್ನು ಓದಿಸಿದ್ದು ಮಳೆ ಬಾರದಿದ್ದರೂ ವ್ಯರ್ಥವಾಗದು.